ಒಂದೇ ಬೆಂಕಿಯಲ್ಲಿ ಎರಡು ಉಂಡೆ

ಮಡಕೆ ಸುಡುವ ಆವಿಗೆ ತೆರೆದಾಗ ಈ ಸಲವೂ ಅದೇ ಗತಿ. ಸುಟ್ಟ ಹೂಜಿಗಳ ಮೈಯೆಲ್ಲ ಗುಳ್ಳೆ. ತಟ್ಟಿದರೆ ಠಣ್ ಎನ್ನಬೇಕಾದವು ಬೊದ್ದೆಂದವು. ಒಂದನ್ನು ಒಡೆದು ನೋಡಿದರೆ ಹೊರಗೆ ಕೆಂಪು, ಒಳಗೆ ಕರಿ.

ಕುಂಬಾರ ಹೆಂಡತಿಯ ಕಡೆ ತಿರುಗಿದ. "ನಿನ್ನ ಕೈಗುಣ ಹೋಯ್ತು ಕಣೆ. ಬೆಂಕಿಯ ಹದ ತಪ್ಪಿದೆ. ಮುಂದಿನ ಸಲ ಬೇರೆಯವರನ್ನ ಕರೀತೀನಿ."

ಮದುವೆಯಾಗಿ ಬಂದಾಗಿನಿಂದ ಮಡಕೆ ತಿರುಗಿಸುವ ತಿಗುರಿ ಅವನದು, ಬೆಂಕಿ ಅವಳದು. ಹೊಗೆಯ ಬಣ್ಣ ನೋಡಿಯೇ ಒಳಗಿನ ಹದ ಹೇಳುವವಳು. ಅದನ್ನೂ ಕಿತ್ತುಕೊಂಡರೆ ತನ್ನ ಪಾಲಿಗೆ ಉಳಿಯುವುದು ಬೂದಿ ಗುಡಿಸುವ ಪೊರಕೆ.

"ಮಣ್ಣು ನೋಡಿದ್ರಾ?" ಎಂದಳು.

"ಮಣ್ಣಿಗೇನಾಗಿದೆ? ಬೆಣ್ಣೆ ಇದ್ದ ಹಾಗಿದೆ. ಮೊದಲಿಗಿಂತ ಚೆನ್ನಾಗಿ ಕೈಗೆ ಬರ್ತಿದೆ. ಕಪ್ಪಗಿದ್ರೆ ಸತ್ವ ಇದೆ ಅಂತ."

ಅಷ್ಟರಲ್ಲಿ ಕುಂಬಾರನ ತಂಗಿಯ ಮಗಳು ಬಂದಳು. ಕೆರೆಗಳ ನೀರು, ಕೆಸರು ಪರೀಕ್ಷೆ ಮಾಡುವ ಕಚೇರಿಯಲ್ಲಿ ಅವಳಿಗೆ ಕೆಲಸ. ಬೆಳಗಿನ ಹೊತ್ತು ಮನೆಯ ಹಿಂದಿನ ಈ ಕೆರೆಯ ಮೀನು ಬಾಯಿ ಬಿಡುತ್ತಾ ಮೇಲೆ ಬರುತ್ತಿವೆ ಎಂದು ಯಾರೋ ದೂರು ಕೊಟ್ಟಿದ್ದರು. ತಳದ ಕೆಸರು ತೆಗೆಯಲು ಬಂದವಳು ಹಾಗೇ ಮಾವನ ಮನೆ ಹೊಕ್ಕಿದ್ದಳು.

ಒಡೆದ ಚೂರನ್ನು ತಿರುಗಿಸಿ ನೋಡಿ ಕೇಳಿದಳು, "ಮಣ್ಣು ಎಲ್ಲಿಂದ ತಂದ್ರಿ ಮಾವ?"

"ನಮ್ಮ ಹಿತ್ತಲ ಕೆಳಗೆ ಕೆರೆಯಂಚಿಂದಾನೇ. ಹೊರೋದು ಸುಲಭ."

"ಕೊಳವೆ ಬಾಯಿ ಹತ್ರ ತಾನೆ?"

ಆ ಕೊಳವೆ ಕುಂಬಾರನದೇ. ಶೌಚದ ಗುಂಡಿ ಉಕ್ಕುತ್ತಿದೆಯೆಂದು ಕೆರೆಗೆ ಹಾಕಿಸಿದ್ದ. ಅವನನ್ನು ನೋಡಿ ಬೀದಿಯವರೆಲ್ಲ ಹಾಕಿಸಿಕೊಂಡಿದ್ದರು.

"ನೀರು ತಿಳಿಯಾಗಿದೆ, ಹೋಗಿ ನೋಡು. ಮುಖ ಕಾಣುತ್ತೆ," ಎಂದ.

"ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇಲ್ವಾ ಮಾವ? ನೀರು ಹರಿದು ಹೋಗುತ್ತೆ, ಹೊಲಸು ತಳಕ್ಕಿಳಿದು ಕೂರುತ್ತೆ. ಮಲ, ಮುಸುರೆ, ಎಲೆ, ಕೊಳೆಯೋದರಲ್ಲೆಲ್ಲ ಇಂಗಾಲ ಇರುತ್ತೆ. ಸಾವಯವ ಇಂಗಾಲ ಅಂತೀವಿ. ಕೆಸರಲ್ಲಿ ಅದು ಅತಿಯಾದ್ರೆ, ಕೊಳೆಯುವಾಗ ನೀರಿನ ಪ್ರಾಣವಾಯು ಮುಗಿದುಹೋಗುತ್ತೆ. ಮೀನಿಗೆ ಉಸಿರು ಕಟ್ಟೋದು ಅದಕ್ಕೇ."

"ಎಲೆಯಲ್ಲೂ ಇದೆ ಅಂತೀಯ. ಹಾಗಾದ್ರೆ ಮರದ ಮೇಲೂ ಒಂದು ದೂರು ಬರಿ."

"ಅದಕ್ಕೇ ಒಂದೇ ಕಡೆಯ ಕೆಸರು ನೋಡಿ ತೀರ್ಮಾನ ಮಾಡಲ್ಲ. ಬೇರೆ ಬೇರೆ ಕಡೆಯದು ತಂದು ಹೋಲಿಸ್ತೀವಿ. ಒಣಗಿಸಿ ತೂಗ್ತೀವಿ, ಸುಟ್ಟು ಮತ್ತೆ ತೂಗ್ತೀವಿ. ಇಂಗಾಲ ಉರಿದುಹೋದಷ್ಟೂ ತೂಕ ಇಳಿಯುತ್ತೆ. ಎಲ್ಲಿ ಜಾಸ್ತಿ ಇಳೀತೋ ಅಲ್ಲಿ ಕಾರಣ ಹುಡುಕ್ತೀವಿ."

ಕುಂಬಾರನ ಹೆಂಡತಿ ಎದ್ದು ನಿಂತಳು. "ಹಾಗಾದ್ರೆ ಇಲ್ಲೇ ಸುಟ್ಟು ನೋಡೋಣ. ಬೆಂಕಿ ಹಚ್ಚೋಳು ಮಾತ್ರ ನಾನೇ."

ಕೊಳವೆಯ ಬಾಯಿಂದ ಒಂದು ಉಂಡೆ, ಆಚೆ ತೊರೆ ಬಂದು ಸೇರುವ ಕಡೆಯಿಂದ ಒಂದು ಉಂಡೆ. ಎರಡನ್ನೂ ಚೆನ್ನಾಗಿ ಒಣಗಿಸಿ, ಕೆರೆದು ತೂಕ ಸಮ ಮಾಡಿ, ಆವಿಗೆಯಲ್ಲಿ ಅಕ್ಕಪಕ್ಕ ಇಟ್ಟಳು.

ಸುಟ್ಟು ತಣಿದ ಮೇಲೆ ತಂಗಿಯ ಮಗಳೂ ಮತ್ತೆ ಬಂದಳು. ತಕ್ಕಡಿಗೆ ಹಾಕಿದಾಗ ತೊರೆಯ ಉಂಡೆ ಕೆಳಗಿಳಿಯಿತು, ಕೊಳವೆಯದು ಮೇಲೇರಿತು. ಒಡೆದರೆ ತೊರೆಯದು ಒಳಗೂ ಹೊರಗೂ ಕೆಂಪು. ಕೊಳವೆಯದರ ಹೊಟ್ಟೆಯಲ್ಲಿ ಉರಿದು ಮುಗಿಯದ ಇಂಗಾಲದ ಕರಿ.

"ಬೆಂಕಿ ಒಂದೇ," ಎಂದಳು ಹೆಂಡತಿ. ಅಷ್ಟೇ.

"ನಮ್ಮ ಪರೀಕ್ಷೆಯಲ್ಲೂ ಹಾಗೇ ಬಂತು ಮಾವ," ಎಂದಳು ಹುಡುಗಿ. "ಈ ಬೀದಿಯ ಕೊಳವೆಗಳ ಬಾಯಲ್ಲೆಲ್ಲ ಇಂಗಾಲ ಜಾಸ್ತಿ. ಇವತ್ತೇ ನಿಲ್ಲಿಸಿದ್ರೂ ತಳ ಸುಧಾರಿಸೋಕೆ ವರ್ಷಗಳು ಬೇಕು."

ಕುಂಬಾರ ಚೂರುಗಳನ್ನು ಕೆಳಗಿಟ್ಟ. ಆಮೇಲೆ ಗುದ್ದಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೊಳವೆ ಅಗೆಯತೊಡಗಿದ.

ಗೋಡೆಯಾಚೆಯಿಂದ ಪಕ್ಕದ ಮನೆಯವನು ಇಣುಕಿದ. "ಏನಣ್ಣ, ಹಾಕಿದವನೂ ನೀನೇ, ಕೀಳೋನೂ ನೀನೇನಾ?"

"ಹಾಕೋದನ್ನ ನನ್ನ ನೋಡಿ ಕಲಿತ್ಯಲ್ಲ. ಕೀಳೋದನ್ನೂ ಕಲಿ."

ತುಂಬಿದ ಗುಂಡಿಯನ್ನು ವಾಹನ ತರಿಸಿ ಖಾಲಿ ಮಾಡಿಸಿದರು. ಕೆರೆಗೂ ಬಾವಿಗೂ ದೂರವಾಗಿ, ತಿಳಿದವರನ್ನು ಕೇಳಿ ಇಂಗುಗುಂಡಿ ತೋಡಿದರು. ಮುಂದಿನ ಆವಿಗೆಗೆ ತೊರೆಯ ಕಡೆಯ ಮಣ್ಣನ್ನು ಕುಂಬಾರ ತಾನೇ ಹೊತ್ತು ತಂದ. ಹೂಜಿ ಜೋಡಿಸಿಯಾದ ಮೇಲೆ ಕೊಳ್ಳಿಯನ್ನು ಹೆಂಡತಿಯ ಕೈಗಿಟ್ಟು, "ನೀನೇ ಹಚ್ಚು," ಎಂದ. ಅವನ ಬಾಯಲ್ಲಿ ತಪ್ಪಾಯಿತು ಎಂಬ ಮಾತು ಬಂದದ್ದು ಅದೇ ರೂಪದಲ್ಲಿ.

ಕೆರೆಯ ಮೀನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಇದನ್ನು ಓದಿದವರೇ, ಓದಿಸಿ ಕೇಳಿದವರೇ, ನಿಮ್ಮ ಮನೆಯಿಂದ ಹೊರಡುವ ಕೊಳವೆಯ ಜೊತೆಗೇ ಒಮ್ಮೆ ನಡೆದು ಹೋಗಿ, ಅದು ಎಲ್ಲಿ ಬಾಯಿ ತೆರೆದಿದೆ ನೋಡಿ. ನೀರು ತಿಳಿಯಾಗಿದೆ ಎಂದು ಹಿಂದಿರುಗಬೇಡಿ. ತಳದ ಕೆಸರು ಕಪ್ಪಾಗಿ ನಾರುತ್ತಿದ್ದರೆ ಪರೀಕ್ಷೆ ಮಾಡುವವರಿಗೆ ತಿಳಿಸಿ. ಕೆರೆಗೆ ಬಿಟ್ಟದ್ದು ಕಣ್ಣಿಗೆ ಮರೆಯಾಗಿರುತ್ತದೆ, ಮಾಯವಾಗಿರುವುದಿಲ್ಲ.