ಪಂಪಿನ ಬಾಯಲ್ಲಿ ಒತ್ತಡ ಎಷ್ಟು?

ವಿಮಾನದ ಎಂಜಿನ್ ವರ್ಕ್‌ಶಾಪಿನಲ್ಲಿ ಎಲ್ಲರೂ ‘ಪಟಾಕಿ’ ಅಂತ ಕರೆಯುವ ಹುಡುಗಿಯ ಕೈಗೆ, ಕೆಲಸ ಸರಿಯಿದೆ ಎಂದು ಒತ್ತುವ ಸ್ವಂತ ಮೊಹರು ಬಂದು ಎಂಟು ದಿನವೂ ಆಗಿರಲಿಲ್ಲ. ಅವಳೇ ಬಿಚ್ಚಿ ಜೋಡಿಸಿದ ಮೊದಲ ಇಂಧನ ಪಂಪು ಬೆಳಗಿನಿಂದ ಪರೀಕ್ಷೆಯ ಬೆಂಚಿನ ಮೇಲೆ ಓಡುತ್ತಾ, ಹೊಟ್ಟೆಯೊಳಗೆ ಜಲ್ಲಿಕಲ್ಲು ಹಾಕಿ ಕುಲುಕಿದಂತೆ ಗರಗರ ಅನ್ನುತ್ತಿತ್ತು. ಪಂಪು ಫೇಲಾದರೆ ಮೊಹರು ವಾಪಸ್, ಮತ್ತೆ ಆರು ತಿಂಗಳು ಇನ್ನೊಬ್ಬರ ಕೈಕೆಳಗೆ.

ಪಂಪು ಪಾಸು ಮಾಡಬೇಕಾದ ಇನ್ಸ್‌ಪೆಕ್ಟರು ಅವಳ ಸೋದರಮಾವನೇ. ಆದರೆ ವಿಮಾನದ ಎಂಜಿನ್ ಅಂದರೆ ಅವರಿಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ.

“ಗೇರು ಸರಿಯಾಗಿ ಕೂತಿಲ್ಲ ಕಣೇ. ಬಿಚ್ಚು.”

“ನನ್ನ ಗೇರು ಚೆನ್ನಾಗೇ ಇದೆ ಮಾವ. ಪಂಪಿಗೆ ಹೊಟ್ಟೆಗಿಲ್ಲ, ಅದಕ್ಕೇ ಅಳ್ತಿದೆ. ತಪ್ಪು ಬೆಂಚಿಂದು.”

“ಆಹಾ! ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ. ಒತ್ತಡದ ಮೀಟರು ನೋಡು, ಮುಳ್ಳು ಹಸಿರಲ್ಲೇ ಇದೆ.”

“ಮೀಟರು ಇರೋದು ಟ್ಯಾಂಕಿನ ಹತ್ರ. ಪಂಪು ಇರೋದು ಇಲ್ಲಿ. ಮೊನ್ನೆ ನೆಲಕ್ಕೆ ಬಣ್ಣ ಹೊಡೆಯೋಕೆ ಬೆಂಚು ದೂರ ಸರಿಸಿದಾಗ ಟ್ಯಾಂಕಿಂದ ಇಲ್ಲಿಗೆ ಈ ಉದ್ದನೆ ಸಣಕಲು ಪೈಪು ಹಾಕಿದ್ದು ಯಾರು?”

ಮಾವ ಪೈಪಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಹಾಕಿದ್ದು ಅವರೇ.

ಅವಳು ಪಂಪು ನಿಲ್ಲಿಸಿ, ಮೀಟರು ಬಿಚ್ಚಿ ತಂದು ಪಂಪಿನ ಬಾಯಿಗೇ ಕೂರಿಸಿ ಮತ್ತೆ ಓಡಿಸಿದಳು. ಮುಳ್ಳು ದೊಪ್ಪನೆ ಕೆಂಪಿಗೆ ಬಿತ್ತು.

“ನೋಡಿ. ಗೇರಿನ ಹಲ್ಲು ಇಂಧನಾನ ಆಚೆ ತಳ್ಳಿದಷ್ಟೇ ಬೇಗ ಈಚೆ ತುಂಬಬೇಕು. ತುಂಬ್ಲಿಲ್ವಾ, ಒತ್ತಡ ಬೀಳತ್ತೆ, ಇಂಧನ ತಣ್ಣಗಿದ್ದೇ ಕುದ್ದು ಗುಳ್ಳೆ ಏಳತ್ತೆ. ಆ ಗುಳ್ಳೆ ಆಚೆಕಡೆ ಒತ್ತಡಕ್ಕೆ ಸಿಕ್ಕಿ ಪಟ್ ಅಂತ ಕುಸಿಯುತ್ತಲ್ಲ, ಒಂದೊಂದೂ ಸುತ್ತಿಗೆ ಏಟು. ಇದು ಅದರದ್ದೇ ಸದ್ದು.”

“ನಂಗೇ ಪಾಠನಾ? ಇದನ್ನ ನಿಂಗೆ ಕಲಿಸಿದ್ದೇ ನಾನು!”

“ಕಲಿಸಿದೋರೇ ಮರೆತ್ರೆ ಹೆಂಗೆ ಮಾವ?”

ಮಾವ ಬೆಂಚನ್ನು ಮತ್ತೆ ಟ್ಯಾಂಕಿನ ಹತ್ತಿರಕ್ಕೆ ತಳ್ಳಿ, ಗಿಡ್ಡನೆಯ ದಪ್ಪ ಪೈಪು ಹುಡುಕಿ ತಂದು ಹಾಕಿದರು. ಸ್ವಿಚ್ಚು ಒತ್ತಿದ್ದೇ ತಡ, ಗರಗರ ನಿಂತು ಒಂದೇ ಸಮನೆ ಗುಂಯ್ ಅನ್ನತೊಡಗಿತು. ಮುಳ್ಳು ಹಸಿರಿಗೆ ಏರಿ ನಿಂತಿತು.

“ಸರಿ, ಹೊಡಿ ಮೊಹರು.”

“ಊಹೂಂ. ಬೆಳಗ್ಗೆಯಿಂದ ಏಟು ತಿಂದಿದೆ. ಹಲ್ಲು ನೋಡ್ದೆ ಹೊಡೆಯಲ್ಲ.”

“ಪಾಸು ಅಂತ ನಾನೇ ಹೇಳ್ತಿದೀನಲ್ಲೇ!”

“ಮೊಹರು ನಂದು.”

ಪಂಪು ಬಿಚ್ಚಿ, ದೀಪ ಹಿಡಿದು, ಒಂದೊಂದೇ ಹಲ್ಲಿನ ಮೇಲೆ ಉಗುರು ಸವರುತ್ತಾ ಬಂದಳು. ಏಳನೆಯದರಲ್ಲಿ ಉಗುರು ತಡೆಯಿತು. ಸೂಜಿಯಿಂದ ಚುಚ್ಚಿದಂಥ ನಾಲ್ಕು ಗುಳಿ, ಗುಳ್ಳೆಗಳ ಏಟಿನ ಗುರುತು.

ಮಾವ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಸ್ಟೋರಿಗೆ ಹೋಗಿ ಹೊಸ ಜೋಡಿ ಗೇರು ತಾವೇ ತಂದು ಅವಳ ಮುಂದಿಟ್ಟರು.

“ಜೋಡಿಸಿ ಮೇಡಂ.”