ಒರತೆಯ ಸ್ಯಾಂಪಲ್ಲು

"ಥೂ, ಮುಂಡೆ! ಬಾಟ್ಲಿ ಕೈಗೆ ಕೊಡ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ? ಆ ಕಲ್ಲಿನ ಮೇಲಿಡು!"

ಚಂದ್ರಮ್ಮ ಚಾಚಿದ್ದ ಕೈ ಹಿಂದಕ್ಕೆಳೆದು ಬಾಟಲಿಯನ್ನು ಕಲ್ಲಿನ ಮೇಲಿಟ್ಟಳು. ಡ್ರೈವರ್ ಸಾಯಿಕಿರಣ್ ಅದನ್ನು ಬಟ್ಟೆಯಿಂದ ಒರೆಸಿ, ಜೀಪಿನೊಳಗಿಂದಲೇ ಹೀಗೆ ಗದರಿದ್ದ ನರಸಿಂಹಮೂರ್ತಿಗೆ ಕೊಟ್ಟ. ಹೋದ ತಿಂಗಳ ಮಾತು ಇದು.

ನರಸಿಂಹಮೂರ್ತಿ ವಿಶಾಖಪಟ್ಟಣದ ಯಾವುದೋ ಲ್ಯಾಬಿನ ಸಾಹೇಬ, ಮೈಸೂರಿನ ಕಡೆಯವನು. ಗಣಿಯ ಕೆಳಗಿನ ಹೊಳೆ ನೀರನ್ನು ತಿಂಗಳಿಗೊಮ್ಮೆ ಪರೀಕ್ಷೆಗೆ ಒಯ್ಯುವುದು ಅವನ ಕೆಲಸವಂತೆ. ಅದು ನಮಗೆ ತಿಳಿದದ್ದು ಆಮೇಲೆ. ಮೊದಲ ದಿನ ನಮ್ಮ ಕನ್ನಡ ಕಿವಿಗೆ ಬಿದ್ದಾಗ "ಓ, ನಮ್ಮೋರಾ ನೀವು?" ಎಂದು ಹಲ್ಲು ಕಿರಿದಿದ್ದ. ಯಾವ ಜಾತಿಯೆಂದು ಕೆದಕಿ ತಿಳಿದ ಮೇಲೆ ಈ ಕಲ್ಲಿನ ಪದ್ಧತಿ ಶುರುವಾಯಿತು. ನಾವು ಊರು ಬಿಟ್ಟರೂ ಕೇರಿ ನಮ್ಮನ್ನು ಬಿಡಲಿಲ್ಲ.

ಸಂಡೂರಿನ ಕಡೆಯವರು ನಾವು. ಅಲ್ಲಿ ಗಣಿ ನಿಂತಾಗ ಮೇಸ್ತ್ರಿಯ ಲಾರಿ ಹತ್ತಿ ಅನಕಾಪಲ್ಲಿಯಾಚೆಯ ಈ ಗುಡ್ಡಕ್ಕೆ ಬಂದೆವು. ಇಲ್ಲೂ ಅದೇ ಕೆಂಪು ಧೂಳು, ಅದೇ ಬೈಗುಳ. ಗಣಿಯ ಕೊಳಕು ನೀರೆಲ್ಲ ಬಿದ್ದು ಹೊಳೆ ರಾಡಿಯಾಗಿದೆ. ಇಳಿದರೆ ಕಾಲು ಕೆರೆದು ಹುಣ್ಣಾಗುತ್ತದೆ. ಕುಡಿಯಲು ಎರಡು ದಿನಕ್ಕೊಮ್ಮೆ ಗಣಿಯವರ ಟ್ಯಾಂಕರ್ ಬರುತ್ತಿತ್ತು. ಅದು ಸಾಲದೆ ದಡದ ಮರಳಲ್ಲಿ ಮೊಣಕಾಲುದ್ದ ಒರತೆ ತೋಡಿಕೊಂಡಿದ್ದೆವು. ಮರಳು ಸೋಸಿಕೊಟ್ಟ ನೀರು ತಿಳಿಯಾಗಿರುತ್ತದೆ, ಆದರೆ ಒಂದು ಕೊಡ ತುಂಬಲು ಅರ್ಧ ಗಂಟೆ ಕಾಯಬೇಕು.

ಹತ್ತು ದಿನದ ಹಿಂದೆ ಟ್ಯಾಂಕರ್ ನಿಂತಿತು. ಪಂಚಾಯಿತಿ ಗೋಡೆಗೆ ಅಂಟಿಸಿದ್ದ ಕಾಗದವನ್ನು ಸಾಹಿತ್ಯ ಎಂಬ ಆಶಾ ಕಾರ್ಯಕರ್ತೆ ಓದಿ ಹೇಳಿದಳು. ಎರಡು ವರ್ಷದ ಪರೀಕ್ಷೆಯಲ್ಲಿ ಹೊಳೆ ನೀರು ಶುದ್ಧವೆಂದು ಬಂದಿದೆ, ಕುಡಿಯಲು ಯೋಗ್ಯ, ಇನ್ನು ಟ್ಯಾಂಕರ್ ಬೇಕಿಲ್ಲ ಎಂದಿತ್ತು ಅದರಲ್ಲಿ.

"ಯಾವ ಸೂಳಿಮಗ ಬರ್ದಾನ ಇದನ್ನ?" ಎಂದೆ ನಾನು.

ಚಂದ್ರಮ್ಮ ಅಲ್ಲೇ ಕುಸಿದು ಕೂತಳು. "ನಾನಾ ಬರಿಸೀನಿ, ಗಿರಿಜಾ. ಬಾಟ್ಲಿ ಕೊಟ್ಟು ನೀರು ತಗಂಬಾ ಅಂದ. ಯಾತಕ್ಕ ಅಂತ ಬಿಡಿಸಿ ಹೇಳ್ಲಿಲ್ಲ. ಮನ್ಷಾ ನೀರು ಕೇಳಿದ್ರ ಆ ರಾಡಿ ಹೆಂಗ ಕೊಡಾದವ್ವಾ? ಒರತಿ ನೀರು ತುಂಬಿ ಕೊಟ್ಟೆ. ಎರಡು ವರ್ಸ ಅದನ್ನಾ ಕೊಟ್ಟೀನಿ."

ಕೇಳಿದವರಿಗೆ ಇದ್ದುದರಲ್ಲಿ ತಿಳಿ ನೀರು ಕೊಡುವುದು ನಮ್ಮ ರೂಢಿ. ಅದೇ ನಮ್ಮ ಕುತ್ತಿಗೆಗೆ ಬಂತು. ಆ ಸಾಹೇಬ ಹತ್ತು ಹೆಜ್ಜೆ ಇಳಿದು ಬಂದು ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದುಕೊಂಡೆ. ಎಂಥ ದಡ್ಡಿ ನಾನು!

ಇಂದು ಬೆಳಿಗ್ಗೆ ಮತ್ತೆ ಜೀಪು ಬಂತು. ಚಂದ್ರಮ್ಮ ಸೊಂಟಮಟ ಹೊಳೆಗಿಳಿದು, ಗಣಿಯ ನೀರು ಬಂದು ಸೇರುವಲ್ಲೇ ಬಾಟಲಿ ಮುಳುಗಿಸಿ ತಂದು ಕಲ್ಲಿನ ಮೇಲಿಟ್ಟಳು.

"ಏಯ್, ಇದೆಲ್ಲಿಂದ ತಂದೆ?" ನರಸಿಂಹಮೂರ್ತಿ ಕಿಟಕಿಯಿಂದಲೇ ಕೇಳಿದ.

"ಹೊಳಿಯಿಂದ್ರಿ. ನಿಮಗ ಬೇಕಾಗಿದ್ದು ಹೊಳಿ ನೀರಲ್ಲೇನ್ರಿ?"

"ತಲೆಹರಟೆ ಮಾಡ್ಬೇಡ. ಯಾವಾಗ್ಲೂ ತುಂಬ್ತಿದ್ಯಲ್ಲ, ಆ ಗುಂಡೀಲೇ ತುಂಬ್ಕೊಂಡ್ ಬಾ."

ಒರತೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಕೂತಲ್ಲಿಂದಲೇ ಎಲ್ಲ ನೋಡಿಕೊಂಡಿದ್ದಾನೆ, ಕಳ್ಳ.

"ಗೊತ್ತಿತ್ತೇನ್ರಿ ನಿಮಗ?" ಚಂದ್ರಮ್ಮ ಕೇಳಿದಳು.

"ಗೊತ್ತಿದ್ರೆ ಏನೀಗ? ಅಲ್ಲಿ ತುಂಬು ಅಂತ ನಾನು ಹೇಳಿದ್ನಾ? ಹೋಗೇ, ಲೇಟಾಗ್ತಿದೆ."

ಸಾಯಿಕಿರಣ್ ತಾನು ಕುಡಿಯುತ್ತಿದ್ದ ಅಂಗಡಿ ನೀರಿನ ಬಾಟಲಿ ಎತ್ತಿ ತೋರಿಸಿದ. ಅದನ್ನು ಹಾಕಿದರೆ ಲ್ಯಾಬಿನಲ್ಲಿ ಹಿಡಿಯುತ್ತಾರೆ, ಈ ದಡದ ನೀರೇ ಆಗಬೇಕು ಎಂದು ಸಾಹೇಬ ತೆಲುಗಿನಲ್ಲಿ ಗದರಿದ. ಅಷ್ಟು ತೆಲುಗು ನಮಗೂ ಬರುತ್ತದೆ.

ಒರತೆಯ ಸುತ್ತ ನಾವು ಐದಾರು ಹೆಂಗಸರು ಕೊಡ ಇಟ್ಟುಕೊಂಡು ಪಾಳಿಗೆ ಕೂತಿದ್ದೆವು. ಚಂದ್ರಮ್ಮ ಬಂದು ನನ್ನ ಪಕ್ಕದಲ್ಲಿದ್ದ ಸಲಿಕೆ ನೋಡಿದಳು, ನನ್ನನ್ನು ನೋಡಿದಳು. ತಡೆಯಬೇಕಿತ್ತು. ನನ್ನ ಮನೆಯಲ್ಲಿ ಒಂದು ತಂಬಿಗೆ ನೀರಿರಲಿಲ್ಲ. ಆದರೂ ಸಲಿಕೆ ಎತ್ತಿ ನಾನೇ ಕೊಟ್ಟೆ.

ಹೊಳೆಗೂ ಒರತೆಗೂ ನಡುವಿನ ಮರಳಿನ ದಿಬ್ಬವನ್ನು ಅವಳು ನಾಲ್ಕೇ ಏಟಿಗೆ ಕಡಿದಳು. ಕೆಂಪು ರಾಡಿ ನುಗ್ಗಿ ಒರತೆ ತುಂಬಿತು.

"ಹುಚ್ಚು ಮುಂಡೆ, ಏನ್ ಮಾಡ್ದೆ!" ಸಾಹೇಬ ಕಿರುಚಿದ.

"ಈಗ ತುಂಬ್ಕೊಳ್ರಿ, ನಿಮ್ಮೌನ್. ಇಲ್ಲಿ ತುಂಬಿದ್ರೂ ಅದಾ, ಅಲ್ಲಿ ತುಂಬಿದ್ರೂ ಅದಾ!"

ಪಾಳಿಯಲ್ಲಿ ಮೊದಲಿದ್ದವಳು ಲಾವಣ್ಯಾ, ಏಳು ತಿಂಗಳ ಬಸುರಿ. ಅವಳು ಸೆರಗನ್ನು ಕೊಡದ ಬಾಯಿಗೆ ಎರಡು ಸುತ್ತು ಬಿಗಿದು, ಅದರ ಮೇಲೆ ಆ ಕೆಂಪು ನೀರನ್ನೇ ಮೊಗೆದು ಹೊಯ್ಯತೊಡಗಿದಳು. ಚಂದ್ರಮ್ಮ ಅದನ್ನು ನೋಡುತ್ತ ನಿಂತಳು. ಸಲಿಕೆ ಮಾತ್ರ ಕೆಳಗಿಡಲಿಲ್ಲ.