ಬೆಳ್ತಿಗೆ ಎರಡು ಪಾವು

ಡೊಂಬಿವಲಿಯಿಂದ ಠಾಣೆಯವರೆಗೆ ಪುಸ್ತಕ ತೆರೆಯುವ ಹಾಗಿಲ್ಲ. ಲೇಡೀಸ್ ಡಬ್ಬಿಯಲ್ಲಿ ನನ್ನ ಕೈ ಎಲ್ಲಿದೆ ಎಂಬುದೇ ತಿಳಿಯದಿರುವಾಗ ಪುಟ ತಿರುಗಿಸುವ ಮಾತೆಲ್ಲಿ? ಠಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹತ್ತಿದರೆ ಒಮ್ಮೊಮ್ಮೆ ಕಿಟಕಿಯ ಸೀಟು ಸಿಗುತ್ತದೆ. ಅಲ್ಲಿಂದ ಬೇಲಾಪುರದ ಆಫೀಸಿನವರೆಗೆ ಓದುತ್ತೇನೆ. ಇಲ್ಲವೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಕಾಣುವ ಕಡಲ ಖಾಡಿಯ ಹಿನ್ನೀರಿನಲ್ಲಿ ಅಜ್ಜಿಯ ಕಥೆಯ ಏಳು ಹೆಡೆಯ ಸರ್ಪ ಎಲ್ಲಿ ಅಡಗಿರಬಹುದು ಎಂದು ಹುಡುಕುತ್ತೇನೆ.

ಹೀಗೆ ಓದಿದ್ದರ ಬಗ್ಗೆ ನಮ್ಮ ಕನ್ನಡ ಬಳಗದ ನಾಲ್ಕು ಪುಟದ ತಿಂಗಳ ಪತ್ರಿಕೆಯಲ್ಲಿ ಬರೆಯುತ್ತೇನೆ. ಅದರ ಸಂಪಾದಕರು ಪುಂಡರೀಕಾಕ್ಷ ಅಂಕಲ್. "ವಿಮರ್ಶೆ ಬೇಡ ಶ್ರದ್ಧಾ, ನಮ್ಮವರು ಹೆದರ್ತಾರೆ. ಅಭಿಪ್ರಾಯ ಬರಿ, ಸಾಕು" ಎಂದಿದ್ದರು. ಅಭಿಪ್ರಾಯಕ್ಕೇನು ಬರ?

ಒಂದು ದಪ್ಪ ಕಾದಂಬರಿಯ ಬಗ್ಗೆ ಹೀಗೆ ಬರೆದಿದ್ದೆ: "ರಬಾಳೆ ಸ್ಟೇಷನ್ ಬಂದಾಗ ನಾಯಕ ಕಿಟಕಿಯ ಬಳಿ ನಿಂತ. ನೆರೂಳ್ ಬಂದರೂ ನಿಂತೇ ಇದ್ದ. ನನ್ನ ಸ್ಟೇಷನ್ ಬಂದದ್ದರಿಂದ ನಾನೇ ಇಳಿದೆ." ಒಂದು ಕವನ ಸಂಕಲನದ ಬಗ್ಗೆ: "ಪುಸ್ತಕ ತೆಳ್ಳಗಿದೆ, ಸೀಟು ಸಿಗದ ದಿನಕ್ಕೆ ಒಳ್ಳೆಯದು. ಪ್ರತಿ ಕವಿತೆಯಲ್ಲೂ ಚಂದ್ರ ಬರುತ್ತಾನೆ. ಇಷ್ಟು ದಿನ ಉಳಿದುಕೊಂಡವನ ಹೆಸರನ್ನು ಕವಿಗಳು ರೇಷನ್ ಕಾರ್ಡಿಗೆ ಸೇರಿಸುವುದು ವಾಸಿ." ಜೀವನದಲ್ಲಿ ಗೆಲ್ಲುವುದು ಹೇಗೆಂದು ಕಲಿಸುವ ಪುಸ್ತಕದ ಬಗ್ಗೆ: "ನಸುಕಿನ ನಾಲ್ಕಕ್ಕೆ ಏಳಬೇಕಂತೆ. ನಮ್ಮ ಸೊಸೈಟಿಗೆ ನೀರು ಬರುವುದೇ ಐದಕ್ಕೆ. ಲೇಖಕರು ಆ ಒಂದು ಗಂಟೆ ಬಾಲ್ದಿ ಹಿಡಿದುಕೊಂಡು ಏನು ಮಾಡುತ್ತಾರೋ ತಿಳಿಸಿಲ್ಲ." ಪತ್ತೇದಾರಿ ಕಾದಂಬರಿಯ ಕೊಲೆಗಾರನನ್ನು ನಾನು ಗಾಡಿ ಐರೋಲಿ ತಲುಪುವಷ್ಟರಲ್ಲೇ ಹಿಡಿದಿದ್ದೆ. ಅಜ್ಜಿಯ ಕಥೆ ಕೇಳಿ ಬೆಳೆದವರಿಗೆ ಅದೇನು ಕಷ್ಟವಲ್ಲ. ಯಾರು ಎಲ್ಲರಿಗಿಂತ ಸವಿಯಾಗಿ ಮಾತಾಡುತ್ತಾನೋ ಅವನೇ.

ನನ್ನ ಅಜ್ಜಿ ಚಂದ್ರಬಾಯಿ ಧಾರವಾಡದ ಕಡೆಯವಳು. ಅವಳ ಕಥೆಗಳಲ್ಲಿ ಕುಂಬಳಕಾಯಿ ಮಾತಾಡುತ್ತಿತ್ತು, ಒನಕೆ ಮದುವೆಯಾಗುತ್ತಿತ್ತು. ಅದು ಹೇಗೆ ಎಂದು ಕೇಳಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಎಷ್ಟೇ ವಿಚಿತ್ರವಾದದ್ದನ್ನು ಓದಿದರೂ ಕೇಳದೆ ನಂಬುವುದು ನನಗೆ ರೂಢಿ. ಮುಂದೆ ಆದದ್ದಕ್ಕೆಲ್ಲ ಈ ರೂಢಿಯೇ ಕಾರಣ.

ಆ ತಿಂಗಳು ಅಂಕಲ್ ನನ್ನ ಕೈಗೆ ಕೊಟ್ಟದ್ದು ಅಡುಗೆ ಪುಸ್ತಕ. ಬರೆದವರು ಅವರ ಹೆಂಡತಿ ವಾರಿಜಕ್ಕ. ಉಡುಪಿ ಕಡೆಯ ಈ ದಂಪತಿ ಬಹಳ ವರ್ಷ ಡೊಂಬಿವಲಿ ಪೂರ್ವದಲ್ಲಿ ಹೋಟೆಲು ನಡೆಸಿ, ಅದನ್ನು ಮುಚ್ಚಿ, ಈಗ ಕಾಮೋಠೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಹೋಟೆಲು ಹೋದ ಮೇಲೆ ವಾರಿಜಕ್ಕನ ಕೈಯಡುಗೆಯನ್ನು ಬಳಗದವರೆಲ್ಲ ಉಣ್ಣುವುದು ವರ್ಷಕ್ಕೆ ಒಂದೇ ದಿನ. ನಾಗರ ಪಂಚಮಿಗೆ ಅವರು ಅರಸಿನ ಎಲೆಯಲ್ಲಿ ಬೇಯಿಸಿ ತರುವ ಸೌತೆಕಾಯಿ ಗಟ್ಟಿ ಎಂಬ ಸಿಹಿ ಕಡುಬೇ ಬಳಗದ ನೈವೇದ್ಯ.

ಅವರ ಪುಸ್ತಕ ಓದಿ ನಾನು ಬರೆದೆ: "ಎಲ್ಲ ಕಾದಂಬರಿಗಳಿಗಿಂತ ಇದರಲ್ಲಿ ಸಸ್ಪೆನ್ಸ್ ಹೆಚ್ಚು. 'ಬೇಕಾದಷ್ಟು ನೀರು' ಎನ್ನುತ್ತಾರೆ, ಯಾರಿಗೆ ಬೇಕಾದಷ್ಟು ಎನ್ನುವುದಿಲ್ಲ. 'ಪರಿಮಳ ಬಂದ ಕೂಡಲೇ ಇಳಿಸಿ' ಎನ್ನುತ್ತಾರೆ. ನಮ್ಮ ಅಡುಗೆಮನೆಗೆ ಎಂಐಡಿಸಿ ಕಾರ್ಖಾನೆಗಳ ಕೆಮಿಕಲ್ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ. ಹಾಗಾಗಿ ನನ್ನ ಸಾಂಬಾರು ಇನ್ನೂ ಒಲೆಯ ಮೇಲೇ ಇದೆ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗಟ್ಟಿಯ ಪುಟ ಹೀಗೆ ಶುರುವಾಗಿತ್ತು: "ಬೆಳ್ತಿಗೆ ಎರಡು ಪಾವು ನೆನೆಸಿಡಿ. ನೀರು ಬಸಿದು ಸೌತೆಕಾಯಿ ತುರಿ, ತೆಂಗಿನ ತುರಿ, ಬೆಲ್ಲ ಸೇರಿಸಿ ಹದವಾಗಿ ರುಬ್ಬಿ."

'ಬೆಳ್ತಿಗೆ' ಎನ್ನುವುದು 'ಬೆಳಿಗ್ಗೆ'ಯ ಅಚ್ಚಿನ ತಪ್ಪು ಎಂದುಕೊಂಡೆ. ಪಾವು ಏನೆಂದು ಡೊಂಬಿವಲಿಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಬೇಕರಿಯಿಂದ ಎರಡು ಪಾವ್ ತಂದು ನೀರಿನಲ್ಲಿ ಮುಳುಗಿಸಿ ಆಫೀಸಿಗೆ ಹೋದೆ. ಸಂಜೆ ಬಂದು ಹಿಂಡಿ, ರುಬ್ಬಿ, ಅರಸಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿಟ್ಟೆ. ಏನಾದರೂ ಅನ್ನಿ, ಚೆನ್ನಾಗಿತ್ತು. ಫೋಟೊ ತೆಗೆದು ಬಳಗದ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಲೇಖನದ ಕೊನೆಗೆ ಸೇರಿಸಿದೆ: "ಪಾವಿಗೆ ವಡೆಯನ್ನು ಬಿಟ್ಟು ಬೇರೆ ಸಂಸಾರವೂ ಸಾಧ್ಯ ಎಂದು ತೋರಿಸಿದ ಮೊದಲ ಲೇಖಕಿ ವಾರಿಜಕ್ಕ. ಉಡುಪಿಯ ಗಟ್ಟಿಯೊಳಗೆ ಮುಂಬಯಿಯನ್ನು ಮಲಗಿಸಿ ಅರಸಿನ ಎಲೆ ಹೊದಿಸಿದ್ದಾರೆ."

ಪತ್ರಿಕೆ ಹೊರಬಂದ ಮರುದಿನವೇ ಫೋನು ಬಂತು.

"ಶ್ರದ್ಧಾ, ನಾನು ವಾರಿಜಕ್ಕ. ನಾನು ಗಟ್ಟಿಗೆ ಪಾವು ಹಾಕಿದ್ದನ್ನು ನೀನು ಎಲ್ಲಿ ಕಂಡದ್ದು?"

"ಪುಸ್ತಕದಲ್ಲೇ ಇದೆಯಲ್ಲ? ಬೆಳಿಗ್ಗೆ ಎರಡು ಪಾವು."

"ಬೆಳಿಗ್ಗೆ ಅಲ್ಲ ಮಾರಾಯ್ತಿ, ಬೆಳ್ತಿಗೆ! ಬೆಳ್ತಿಗೆ ಅಂದ್ರೆ ಅಕ್ಕಿ. ಬಿಳಿ ಅಕ್ಕಿ. ಕುಚ್ಚಲು ಅಲ್ಲದ್ದು."

"ಮತ್ತೆ ಪಾವು?"

"ಪಾವು ಅಂದ್ರೆ ಅಳತೆ. ಸೇರು, ಪಾವು, ಎಂತದೂ ಕೇಳ್ಲಿಲ್ವಾ ನೀನು?"

"ಕೇಳಿದ್ದೀನಿ ವಾರಿಜಕ್ಕ. ವಡಾ ಪಾವು, ಮಿಸಳ್ ಪಾವು..."

ಆ ಕಡೆ ಫೋನು ಕಟ್ಟಾಯಿತು.

ಅಜ್ಜಿ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ಪಾವ ಅಂದ್ರ ಸೇರಿನ ಕಾಲುಪಾಲು ಅಲ್ಲೇನ ಹುಚ್ಚೀ? ಮುದುಕಿ ಗುಬ್ಬಿಗೆ ಪಾವ ಜ್ವಾಳಾ ಕೊಟ್ಲು ಅಂತ ಕಥಿ ಹೇಳ್ತಿದ್ನೆಲ್ಲ, ಆವಾಗ ಏನ್ ತಿಳ್ಕೊಂಡಿದ್ದಿ?"

"ಪಾವು ಮತ್ತು ಜೋಳ ಅಂತ."

ನಿಜವಾಗಿಯೂ ಹಾಗೇ ತಿಳಿದಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಗುಬ್ಬಿ ತನಗಿಂತ ದೊಡ್ಡ ಪಾವನ್ನು ಕೊಕ್ಕಿನಲ್ಲಿ ಎಳೆದುಕೊಂಡು ಹೋಗುತ್ತದೆ.

"ನಾ ನಿನ್ನ ಗಟ್ಟಿ ಎರಡ ತಿಂದೆ, ಚಲೋ ಇತ್ತು" ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿದಳು. "ಇದನ್ನ ಆಕೀ ಮುಂದ ಹೇಳಬ್ಯಾಡ."

ನಗುವ ಸಂಗತಿ ಅಲ್ಲಿಗೇ ಮುಗಿಯಿತು. ಬಳಗದ ಮಹಿಳಾ ವಿಭಾಗದ ಅಧ್ಯಕ್ಷೆ ದಮಯಂತಿ ಆಂಟಿ ಮಂಗಳೂರಿನವರು, ಮಡಿಯಲ್ಲಿ ಬಹಳ ಕಟ್ಟುನಿಟ್ಟು. ನನ್ನ ಲೇಖನ ಓದಿದವರೇ, ಈ ವರ್ಷ ನಾಗನಿಗೆ ಹಾಲು ಬಾಳೆಹಣ್ಣು ಮಾತ್ರ, ಬೇಕರಿಯ ಸಾಮಾನು ಬೆರೆತ ಗಟ್ಟಿ ಬೇಡ ಎಂದು ಗುಂಪಿನಲ್ಲಿ ಹಾಕಿಬಿಟ್ಟರು. ಪಂಚಮಿಗೆ ಇನ್ನೊಂದೇ ವಾರ. ನಾನು ಕೂಡಲೇ ತಿದ್ದುಪಡಿ ಬರೆದೆ: ಅದು ಪಾವ್ ಅಲ್ಲ, ಅಕ್ಕಿ, ಓದಿದವಳು ದಡ್ಡಿ. ನನ್ನ ಪಾವಿನ ಫೋಟೊ ಅಷ್ಟರೊಳಗೆ ಕಲ್ಯಾಣ, ಠಾಣೆ, ದಿವಾ ಎಲ್ಲ ಸುತ್ತಿ ಬಂದಿತ್ತು. ತಿದ್ದುಪಡಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. "ಹುಡುಗಿ ಪಾಪ, ವಾರಿಜಕ್ಕನ ಮರ್ಯಾದೆ ಉಳಿಸ್ಲಿಕ್ಕೆ ಹೀಗೆ ಬರೆದದ್ದು" ಎಂದು ದಮಯಂತಿ ಆಂಟಿ ಉತ್ತರಿಸಿದರು. ಕೆಳಗೆ ಕೈಮುಗಿದ ಚಿತ್ರ ಬೇರೆ.

ಆಫೀಸು ಬಿಟ್ಟು ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು, ಮಳೆಯಲ್ಲಿ ನೆನೆದುಕೊಂಡು ಕಾಮೋಠೆಗೆ ಹೋದೆ. ವಾರಿಜಕ್ಕ ಬಾಗಿಲು ತೆರೆದರು, ಟವೆಲು ಕೊಟ್ಟರು, ಚಹಾ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ.

"ಅಂಕಲ್, ನೀವಾದರೂ ಅಚ್ಚಿಗೆ ಹೋಗುವ ಮೊದಲು ನೋಡಬಾರದಿತ್ತಾ?" ಎಂದೆ.

"ನೋಡಿದ್ದೇನೆ. ನೀನು ತಮಾಷೆ ಮಾಡಿದ್ದು ಅಂತ ಎಣಿಸಿದೆ. ತುಂಬ ನಗೆ ಬಂತು" ಎಂದರು ಪುಂಡರೀಕಾಕ್ಷ ಅಂಕಲ್.

"ನಗೆ ಬಂತಂತೆ" ಎಂದು ವಾರಿಜಕ್ಕ ಗೋಡೆಗೆ ಹೇಳಿದರು. "ನಾನು 'ಬೆಳ್ತಿಗೆ ಅಕ್ಕಿ' ಅಂತಲೇ ಬರೆದದ್ದು. ಪುಸ್ತಕದ ಪ್ರೂಫ್ ನೋಡುವಾಗ ಅಕ್ಕಿ ತೆಗೆದದ್ದು ಯಾರು?"

"ಬೆಳ್ತಿಗೆ ಅಂದ್ರೆ ಅಕ್ಕಿಯೇ ಅಲ್ವಾ? ಎರಡೆರಡು ಸಲ ಯಾಕೆ ಅಂತ ಹೊಡೆದು ಹಾಕಿದೆ. ಭಾಷೆ ಬಿಗಿ ಇರಬೇಕು."

"ಹೋಟೆಲಿನಲ್ಲೂ ಹೀಗೇ. ಬೋರ್ಡಿನಲ್ಲಿ 'ಇಡ್ಲಿ ಸಾಂಬಾರ್' ಅಂತ ಬರೆದ್ರೆ, ಸಾಂಬಾರ್ ಹೇಗೂ ಕೊಡ್ತೇವೆ ಅಂತ ಅಳಿಸ್ತಿದ್ರು." ಅವರು ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು. "ನನಗೆ ಪುಸ್ತಕದ್ದು ಎಂತದೂ ಇಲ್ಲ ಮಗಾ. ಓದಿದ್ರೆ ಓದಿ, ಬಿಟ್ರೆ ಬಿಡಿ. ಆದ್ರೆ ಪಂಚಮಿಯ ದಿನ ನಾನು ಬರಿಗೈಯಲ್ಲಿ ಹೋಗಿ ಕುರ್ಚಿಯಲ್ಲಿ ಕೂತುಕೊಳ್ಳುದು ಹೇಗೆ, ಹೇಳು."

ಅವರು ಮೂಗು ಒರೆಸಿಕೊಂಡು ಎದ್ದು ನಿಂತರು. "ಗಟ್ಟಿ ನೀನೇ ಮಾಡು."

"ನಾನಾ?"

"ಹೌದು. ಬಳಗದ ಹಾಲ್‌ನಲ್ಲಿ, ಎಲ್ಲರ ಎದುರು, ನನ್ನ ಪುಸ್ತಕ ಓದಿಕೊಂಡು. ನಾನು ಮುಟ್ಟುದಿಲ್ಲ, ಮಾತಾಡುದಿಲ್ಲ. ಅದ್ರಲ್ಲಿ ಅಕ್ಕಿಯಾ, ಪಾವಾ ಅಂತ ಆ ದಮಯಂತಿ ಕಣ್ಣಲ್ಲೇ ಕಾಣ್ಲಿ."

ದಮಯಂತಿ ಆಂಟಿ ಒಪ್ಪಿದರು. ಅಕ್ಕಿಯದ್ದೇ ಆದರೆ, ಸರಿಯಾಗಿ ಬೆಂದರೆ, ನಾಗನ ಮುಂದೆ ಇಡುವುದು. ಕೆಟ್ಟರೆ ಹಾಲು, ಬಾಳೆಹಣ್ಣು.

ಪಂಚಮಿಗೆ ರಜೆ ಹಾಕಿದೆ. ಬೆಳಿಗ್ಗೆಯೇ ಮಿಂದು ಬಳಗದ ಹಾಲ್‌ಗೆ ಹೋಗಿ ಬೆಳ್ತಿಗೆ ನೆನೆಸಿದೆ. ಹಾಗೆ ನೋಡಿದರೆ ಈ ಸಲ ಬೆಳಿಗ್ಗೆ, ಬೆಳ್ತಿಗೆ ಎರಡು ಮಾತೂ ಸರಿಯಾದವು. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಸೇರಿದರು. ಧಾರವಾಡದ ಕಡೆಯವರು ಉಂಡಿ ಡಬ್ಬಿ ತಂದಿದ್ದರು. ಅಜ್ಜಿ ಮುಂದಿನ ಕುರ್ಚಿ ಹಿಡಿದಿದ್ದಳು. ವಾರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು. ಬಿಟ್ಟರೆ ಅವು ತಾವೇ ಓಡಿ ಬರುತ್ತವೇನೋ ಎಂಬಂತೆ.

ಪುಸ್ತಕವನ್ನು ಮಿಕ್ಸರಿಗೆ ಒರಗಿಸಿ ಗಟ್ಟಿಯಾಗಿ ಓದಿದೆ. "'ಹದವಾಗಿ ರುಬ್ಬಿ.' ಹದ ಅಂದರೆ ಎಷ್ಟು?"

ವಾರಿಜಕ್ಕ ಬಾಯಿ ತೆರೆದರು. ದಮಯಂತಿ ಆಂಟಿ ಬೆರಳೆತ್ತಿದರು. ವಾರಿಜಕ್ಕ ಬಾಯಿ ಮುಚ್ಚಿದರು.

ಮಿಕ್ಸರು ಗುರ್ರೆಂದು ನಿಂತುಹೋಯಿತು. ಒಂದು ಲೋಟ ನೀರು ಹೊಯ್ದೆ. ಬಾಗಿಲಿನಿಂದ ಕೆಮ್ಮು ಕೇಳಿಸಿತು.

"ಕೆಮ್ಮೂ ಇಲ್ಲ ವಾರಿಜಕ್ಕ" ಎಂದರು ದಮಯಂತಿ ಆಂಟಿ.

ಸೌತೆಕಾಯಿ ತಾನೇ ನೀರು ಬಿಡುತ್ತದೆ ಎಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಹಿಟ್ಟನ್ನು ಎಲೆಯ ಮೇಲೆ ಹಾಕಿದರೆ ಅದು ಎಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನನ್ನ ದುಪಟ್ಟಾಕ್ಕೆ ಹರಿಯಿತು.

"ಗಟ್ಟಿ ಅಂತೀರಿ, ಎಲ್ಲೈತ್ರೀ ಗಟ್ಟಿ? ತುಂಗಭದ್ರಾ ಹರದಂಗ ಹರೀಲಿಕ್ಹತ್ತೈತಿ" ಎಂದಳು ಅಜ್ಜಿ. ಇಡೀ ಹಾಲ್ ನಕ್ಕಿತು.

ವಾರಿಜಕ್ಕ ಮಾತ್ರ ನಗಲಿಲ್ಲ. ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಬಾಳೆಹಣ್ಣಿನ ಕಡೆ ನೋಡಿದರು. ಇಷ್ಟು ಹೊತ್ತು ಕಂಕುಳಲ್ಲಿ ಬಿಗಿಹಿಡಿದಿದ್ದ ಕೈಗಳು ಸಡಿಲವಾಗಿ ಕೆಳಗೆ ಜೋತುಬಿದ್ದವು. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವರು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ನಾನು ಪುಟವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಹರಿಯುವ ಹಿಟ್ಟಿಗೆ ಅದರಲ್ಲಿ ಮದ್ದಿರಲಿಲ್ಲ. ಇನ್ನೊಂದು ಎಲೆ ತೆಗೆದುಕೊಂಡೆ. ಅದರ ಮೇಲಿಂದಲೂ ಹರಿಯಿತು.

"ಅಯ್ಯೋ, ಕಾಣ್ಲಿಕ್ಕೇ ಆಗುದಿಲ್ಲ ನನಗೆ!" ಎಂದು ಕೂಗಿದವರು ದಮಯಂತಿ ಆಂಟಿ. ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು. "ಹಬ್ಬದ ದಿನ ಇಷ್ಟು ಅಕ್ಕಿ ಹಾಳು ಮಾಡುದಾ? ಬಿಡು ಅದನ್ನು. ಅಕ್ಕಿಹಿಟ್ಟು ಉಂಟಾ? ತಾ ಇಲ್ಲಿ." ಕೈ ತೊಳೆದು, ಎರಡು ಹಿಡಿ ಹಿಟ್ಟು ಬೆರೆಸಿ, ಬೆರಳಲ್ಲಿ ನೋಡಿ, ಇನ್ನೊಂದು ಹಿಡಿ ಬೆರೆಸಿದರು. "ಎಲೆ ಹೀಗೆ ಹಿಡಿ. ಹೀಗಲ್ಲ ಮಾರಾಯ್ತಿ, ನಿನ್ನ ಪುಸ್ತಕವನ್ನು ಒಲೆಗೆ ಹಾಕು ಮೊದ್ಲು! ಈಗ ಮಡಚು." ನಾನೊಂದು ಮಡಚುವಷ್ಟರಲ್ಲಿ ಅವರು ಆರು ಮಡಚಿ ಹಬೆಯ ಪಾತ್ರೆಗೆ ಇಳಿಸಿದ್ದರು.

ಮುಚ್ಚಳ ಮುಚ್ಚಿದ ಮೇಲೇ ತಾವು ಏನು ಮಾಡಿದೆವೆಂದು ಅವರಿಗೆ ಹೊಳೆದದ್ದು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಾಗಿಲ ಕಡೆ ತಿರುಗಿದರು.

"ಅಕ್ಕಿಯೇ ಅಲ್ವಾ?" ಎಂದು ವಾರಿಜಕ್ಕ ಮೆಲ್ಲಗೆ ಕೇಳಿದರು.

"ಅಕ್ಕಿಯೇ."

"ಮತ್ತೆ ನೀನೇ ಮಾಡಿದ ಗಟ್ಟಿ ನಾಗನಿಗೆ ಆಗುದಿಲ್ಲ ಅಂತ ಹೇಳ್ತಿಯಾ?"

ದಮಯಂತಿ ಆಂಟಿ ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ತೊಳೆದುಕೊಂಡರು. "ವಾರಿಜಕ್ಕ, ಬೆಂದಾಯ್ತಾ ನೀವೇ ನೋಡಿ. ನಿಮ್ಮ ಪುಸ್ತಕದಲ್ಲಿ ಪರಿಮಳ ಅಂತ ಬರೆದದ್ದಂತೆ. ನನಗೆ ಶೀತ" ಎಂದರು.

ವಾರಿಜಕ್ಕ ಒಳಗೆ ಬಂದರು. ಮುಚ್ಚಳ ತೆಗೆಯಲಿಲ್ಲ. ಅರ್ಧ ಗಂಟೆ ಪಾತ್ರೆಯ ಬಳಿಯೇ ನಿಂತು, ಪರಿಮಳ ಬಂದ ಕೂಡಲೇ ಒಲೆ ಆರಿಸಿದರು. ಎಲೆ ಬಿಡಿಸಿದಾಗ ಹಸಿರು ನರಗಳ ಗುರುತು ಗಟ್ಟಿಯ ಮೇಲೆ ಅಚ್ಚೊತ್ತಿತ್ತು. ಅಚ್ಚಿನ ತಪ್ಪಿಲ್ಲದ್ದನ್ನು ಆ ತಿಂಗಳಲ್ಲಿ ನಾನು ಕಂಡದ್ದು ಅದೊಂದೇ. ತಟ್ಟೆಯಲ್ಲಿ ಬಾಳೆಹಣ್ಣನ್ನು ಬದಿಗೆ ಸರಿಸಿ ಜಾಗ ಮಾಡಿದವರು ದಮಯಂತಿ ಆಂಟಿ. ಅದನ್ನು ಒಯ್ದು ನಾಗನ ಮುಂದೆ ಇಟ್ಟವರು ವಾರಿಜಕ್ಕ.

ಮಂಗಳಾರತಿಯ ನಂತರ ವಾರಿಜಕ್ಕ ಮೊದಲ ತುಂಡು ಬಾಯಿಗೆ ಹಾಕಿಕೊಂಡರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ನಿಧಾನವಾಗಿ ಅಗಿದು ನನ್ನ ಕಡೆ ನೋಡಿದರು.

"ಉಪ್ಪು ಹಾಕ್ಲಿಲ್ವಾ? ಒಂದು ಚಿಟಿಕೆ ಬೇಕು ಇದಕ್ಕೆ."

"ಪುಸ್ತಕದಲ್ಲಿ ಇಲ್ಲ ವಾರಿಜಕ್ಕ."

"ಇಲ್ವಾ? ನಾನು ಬರೆದದ್ದು ನನಗೆ ನೆನಪುಂಟು."

ಅವರು ಗಂಡನಿಗಾಗಿ ಸುತ್ತ ನೋಡಿದರು. ಹಾಲ್‌ನ ಆ ತುದಿಯಲ್ಲಿ ಪುಂಡರೀಕಾಕ್ಷ ಅಂಕಲ್ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ ಮುಳುಗಿಹೋಗಿದ್ದರು. ಜನ ಇನ್ನೂ ಊಟಕ್ಕೆ ಕೂತಿರಲಿಲ್ಲ.